ರೊಸೆಂದೊ ಬಾಗಿಲು ಬೇಡಿದ ದಿನ

ಪಟ್ಟಣದವರು ಯಾರಾದರೂ ಬಂದು, “ನಿಮ್ಮ ದ್ವೀಪದಲ್ಲಿ ಪಾದ್ರಿಗಳೇ ಇಲ್ಲವಂತೆ, ಪಾಪ!” ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾದ್ರಿಗಳು ವರ್ಷಕ್ಕೊಮ್ಮೆ ದೋಣಿ ಹತ್ತಿ ಬರುತ್ತಾರೆ, ಪೂಜೆ ಮಾಡುತ್ತಾರೆ, ನಾನು ಸುಟ್ಟ ಆಲೂಗಡ್ಡೆ ರೊಟ್ಟಿ ನಾಲ್ಕು ತಿಂದು, ಸಮುದ್ರ ಕೆಡುವ ಮೊದಲೇ ಹೊರಡುತ್ತಾರೆ. ಉಳಿದ ದಿನಗಳಿಗೆಲ್ಲ ನಮಗೆ ರೊಸೆಂದೊ ಚಿಗ್ವಾಯ್ ಇದ್ದಾನೆ. ಫಿಸ್ಕಾಲ್ ಅನ್ನುತ್ತೇವೆ, ಚಿಲೋಯೆಯ ಈ ಸಣ್ಣ ದ್ವೀಪಗಳಲ್ಲಿ ಪಾದ್ರಿ ಇಲ್ಲದಾಗ ಇಗರ್ಜಿ ನಡೆಸುವ ಊರಿನ ಮನುಷ್ಯ. ಗಂಟೆ ಹೊಡೆಯುವವನು ಅವನೇ, ಜಪ ಹೇಳಿಸುವವನು ಅವನೇ, ಉಳಿಯುವುದಿಲ್ಲ ಅನ್ನಿಸಿದ ಕೂಸಿಗೆ ಜ್ಞಾನಸ್ನಾನ ಕೊಡುವವನೂ ಅವನೇ, ಗುಂಡಿಯ ಪಕ್ಕ ನಿಂತು ಸತ್ತವರಿಗೆ ಕೊನೆಯ ಪ್ರಾರ್ಥನೆ ಹೇಳುವವನೂ ಅವನೇ. ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕ ಹೊತ್ತೆಲ್ಲ ಎತ್ತುಗಳ ಹಿಂದೆ.

ಕ್ಲಾವೆಲ್, ನೋಬ್ಲೆ ಅಂತ ಅವನ ಎತ್ತುಗಳ ಹೆಸರು. ಅಂಥ ಜೋಡಿ ದ್ವೀಪದಲ್ಲಿ ಇನ್ನೊಂದಿಲ್ಲ. ಅವನ ಹೆಂಡತಿ, ಬದುಕಿದ್ದಾಗ, “ನನ್ನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಎತ್ತುಗಳ ಜೊತೆ ಆಡ್ತಾನೆ” ಅಂತ ನನ್ನ ಹತ್ತಿರ ಗೊಣಗುತ್ತಿದ್ದಳು. ಅವರ ಒಬ್ಬನೇ ಮಗ ದಾರಿಯೊನನ್ನು ಜ್ಞಾನಸ್ನಾನದ ದಿನ ತೋಳಲ್ಲಿ ಹಿಡಿದವಳು ನಾನು. ಹಾಗಾಗಿ ಅವನಿಗೆ ನಾನು ಕೊಮಾದ್ರೆ, ನನಗೆ ಅವನು ಕೊಂಪಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಮೇಲಿನ ನಂಟು ಅದು. ಬೈಯುವ ಹಕ್ಕೂ ಅದರ ಜೊತೆಗೇ ಬರುತ್ತದೆ.

ಒಂಬತ್ತು ವರ್ಷದ ಹಿಂದೆ ಬೆಲಾರ್ಮಿನೊ ಮಾನ್ಸಿಯಾ ತನ್ನ ದೋಣಿಗೆ ದಾರಿಯೊನನ್ನು ಕರೆದ. ಬಡಗಣ ಗಾಳಿ ಎದ್ದಿತ್ತು. ಆ ಗಾಳಿ ಎದ್ದರೆ ನಮ್ಮಲ್ಲಿ ಕೋಳಿಯೂ ಗೂಡು ಬಿಟ್ಟು ಬರುವುದಿಲ್ಲ. ದಾರಿಯೊ ಹಿಂದೆ ಮುಂದೆ ನೋಡಿದ. “ಯಾಕೋ, ಅಪ್ಪನ ಜಪಸರ ಹಿಡ್ಕೊಂಡು ಒಲೆ ಮುಂದೆ ಕೂತ್ಕೋತೀಯಾ?” ಅಂತ ಬೆಲಾರ್ಮಿನೊ ಹತ್ತು ಜನರ ಮುಂದೆ ಹಂಗಿಸಿದ. ಇಪ್ಪತ್ತೆರಡರ ಬಿಸಿರಕ್ತ, ಹತ್ತಿಬಿಟ್ಟ. ದೋಣಿ ಮಗುಚಿತು, ಸಂಜೆ ಬೆಲಾರ್ಮಿನೊ ಒಬ್ಬನೇ ಈಜಿಕೊಂಡು ಬಂದು ದಡಕ್ಕೆ ಬಿದ್ದ. ಹುಡುಗನ ಹೆಣವೂ ಸಿಗಲಿಲ್ಲ.

ಮಗನ ಒಂಬತ್ತು ದಿನದ ಜಪವನ್ನು ರೊಸೆಂದೊನೇ ಹೇಳಿಸಿದ, ಧ್ವನಿ ನಡುಗದ ಹಾಗೆ. ಆದರೆ ಹೂಳಲು ಏನಿತ್ತು? ಗುಂಡಿಯ ಪ್ರಾರ್ಥನೆ ಅವನ ಬಾಯಲ್ಲೇ ಉಳಿಯಿತು. ಆಮೇಲೆ ಅವನು ದೋಣಿ ಹತ್ತಲಿಲ್ಲ, ಬೆಲಾರ್ಮಿನೊನ ಜೊತೆ ಒಂದು ಮಾತೂ ಆಡಲಿಲ್ಲ. ಊರೂ ಆಡಲಿಲ್ಲ. ನಾನಂತೂ ಎದುರು ಸಿಕ್ಕರೆ ಉಗುಳುತ್ತಿದ್ದೆ. ಮುಚ್ಚಿಡುವುದೇನು?

ಈಗ ಈ ವರ್ಷದ ಮಾತು. ಚಳಿಗಾಲದ ಅಲೆಗಳು ಬೆಲಾರ್ಮಿನೊನ ಮನೆಯ ಮುಂದಿನ ದಿಬ್ಬವನ್ನು ತಿಂದುಹಾಕಿದವು. ಬಾಗಿಲಿಂದ ಸಮುದ್ರಕ್ಕೆ ಮೂರು ಹೆಜ್ಜೆ ಉಳಿಯಿತು. ಬರುವ ಹುಣ್ಣಿಮೆಯ ಉಬ್ಬರಕ್ಕೆ ಮನೆ ಹೋಗುವುದು ಖಂಡಿತ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮಲ್ಲಿ ಮನೆಗೆ ಜಾಗ ಒಗ್ಗದಿದ್ದರೆ ಮನೆಯನ್ನೇ ಎಳೆದುಕೊಂಡು ಹೋಗುತ್ತೇವೆ. ಮರದ ಮನೆ ತಾನೇ! ಕೆಳಗೆ ದಿಮ್ಮಿ ಕೊಟ್ಟು, ಎತ್ತು ಕಟ್ಟಿ, ಊರೆಲ್ಲ ಸೇರಿ ಎಳೆಯುವುದು. ಮಿಂಗಾ ಅಂದರೆ ಅದೇ. ಕೂಲಿ ಇಲ್ಲ, ಊಟ ಉಂಟು. ಆದರೆ ಮನೆಯವನು ಮೊದಲು ಬಾಗಿಲು ಬೇಡಬೇಕು: ಟೋಪಿ ಕೈಯಲ್ಲಿ ಹಿಡಿದು ಪ್ರತಿ ಮನೆಯ ಹೊರಗೆ ನಿಂತು ಕೇಳಬೇಕು. ಕೇಳಿಸಿಕೊಂಡವರು ಒಂದು ಲೋಟ ಚಿಚಾ, ಅಂದರೆ ಸೇಬಿನ ಹೆಂಡ, ಕೊಟ್ಟರೆ ಒಪ್ಪಿದ ಹಾಗೆ. ಕರೆಯದವರು ಹೋಗುವ ಹಾಗಿಲ್ಲ. ಕರೆಯದೆ ಹೋದರೆ ‘ನಿನಗೆ ಬೇಡುವ ಯೋಗ್ಯತೆಯೂ ಇಲ್ಲ’ ಅಂತ ಮುಖಕ್ಕೆ ಹೊಡೆದ ಹಾಗೆ.

ಬೆಲಾರ್ಮಿನೊ ನನ್ನ ಬಾಗಿಲಿಗೂ ಬಂದ. ಅರವತ್ತಕ್ಕೇ ಎಂಬತ್ತರ ಮುದುಕನ ಹಾಗಿದ್ದ.

“ದೋನ್ಯಾ ಎರ್ಸೀಲಿಯಾ, ನನ್ನ ಮನೆಗೆ ಕಾಲಿಲ್ಲ, ನಿಮ್ಮ ಕಾಲು ಕೊಡಿ. ದೇವರ ಹೆಸರಲ್ಲಿ ಇಲ್ಲ ಅನ್ಬೇಡಿ,” ಅಂದ. ಬೇಡುವ ಮಾತು ಅದೇ, ಎಲ್ಲರೂ ಹೇಳುವುದು.

“ರೊಸೆಂದೊನ ಬಾಗಿಲಿಗೆ ಹೋಗಿದ್ಯಾ?” ಅಂದೆ.

ಅವನು ನೆಲ ನೋಡಿದ. “ಆ ಬಾಗಿಲಿಗೆ ಕಾಲು ಹೋಗಲ್ಲ, ದೋನ್ಯಾ. ಮೂರು ಸಲ ಬೇಲಿ ತನಕ ಹೋಗಿ ಬಂದೆ.”

“ಹಂಗಾದ್ರೆ ನನ್ನ ಚಿಚಾನೂ ಪೀಪಾಯಿ ಬಿಟ್ಟು ಬರಲ್ಲ,” ಅಂತ ಬಾಗಿಲು ಹಾಕಿಕೊಂಡೆ.

ಊರೆಲ್ಲ ಹೇಳಿದ್ದು ಇದನ್ನೇ. ರೊಸೆಂದೊನ ಜೋಡಿ ಮುಂದೆ ನಿಲ್ಲದೆ ಈ ದ್ವೀಪದಲ್ಲಿ ಯಾವ ಮನೆಯೂ ಕದಲಿಲ್ಲ. ರೊಸೆಂದೊನನ್ನು ಕರೆಯಲು ಬೆಲಾರ್ಮಿನೊಗೆ ಮುಖವಿಲ್ಲ, ಕರೆಯದೆ ರೊಸೆಂದೊ ಬರುವ ಹಾಗಿಲ್ಲ. ಹುಣ್ಣಿಮೆಗೆ ಐದೇ ದಿನ.

ಬಾಗಿಲು ಹಾಕಿಕೊಂಡೆನಲ್ಲ, ಅವತ್ತು ನಿದ್ದೆ ಬರಲಿಲ್ಲ. ಬೆಲಾರ್ಮಿನೊನ ಹೆಂಡತಿ ಸುನಿಲ್ದಾ ಏನು ತಪ್ಪು ಮಾಡಿದ್ದಳು? ಮರುದಿನ ಭಾನುವಾರ. ಇಗರ್ಜಿಯಲ್ಲಿ ಹಾಡು ಎತ್ತುವವಳು ನಾನು, ರೊಸೆಂದೊನ ಮಗ್ಗುಲಲ್ಲೇ ನಿಲ್ಲುತ್ತೇನೆ. ಒಂಬತ್ತು ವರ್ಷದಿಂದ ನನಗೊಬ್ಬಳಿಗೇ ಗೊತ್ತಿದ್ದ ಸಂಗತಿ ಒಂದಿತ್ತು: ಪರಲೋಕದ ತಂದೆಗೆ ಹೇಳುವ ಜಪದಲ್ಲಿ, ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಅನ್ನುವ ಸಾಲು ಬಂದಾಗ ಅವನ ತುಟಿ ಮುಚ್ಚಿರುತ್ತಿತ್ತು. ಅದೊಂದು ಸಾಲು ಬಿಟ್ಟು ಮುಂದಿನದಕ್ಕೆ ಸೇರಿಕೊಳ್ಳುತ್ತಿದ್ದ. ಅವತ್ತೂ ಹಾಗೇ ಆಯಿತು. ಹೊರಗೆ ಬಂದ ಮೇಲೆ ನನ್ನ ಎಲುಬಿಲ್ಲದ ನಾಲಿಗೆ ಸುಮ್ಮನಿರಬೇಕಲ್ಲ!

“ಕೊಂಪಾದ್ರೆ, ಊರಿಗೆಲ್ಲ ಜಪ ಹೇಳಿಸ್ತೀಯ, ಆ ಸಾಲು ಮಾತ್ರ ಮೀನಿನ ಮುಳ್ಳಿನ ಹಾಗೆ ನುಂಗ್ತೀಯಲ್ಲ, ಯಾಕೆ?”

ಅವನ ಮುಖ ಕೆಂಪಾಯಿತು. “ದೇವರ ಮುಂದೆ ಸುಳ್ಳು ಹೇಳಲಾ, ಕೊಮಾದ್ರೆ? ನಾನು ಕ್ಷಮಿಸಿಲ್ಲ. ಅದಕ್ಕೇ ಹೇಳಲ್ಲ. ನಿನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬರುತ್ತಲ್ಲ, ನೀನು ಅವನಿಗೆ ಚಿಚಾ ಕೊಟ್ಯಾ?”

ನನ್ನ ಬಾಯಿ ಮುಚ್ಚಿಸಿದವನು ಈ ದ್ವೀಪದಲ್ಲಿ ಅವನೇ ಮೊದಲು.

ಮಂಗಳವಾರ ಬೆಳಿಗ್ಗೆ ರೊಸೆಂದೊ ಗಡ್ಡ ಹೆರೆದುಕೊಂಡು, ಸಾವಿನ ಮನೆಗೆ ಹೋಗುವಾಗ ಹಾಕುವ ಕರಿ ಕೋಟು ತೊಟ್ಟು, ಎತ್ತುಗಳಿಗೆ ನೊಗ ಹೂಡಿ ದಾರಿಗಿಳಿದ. ಎತ್ತ ಹೊರಟ ಅಂತ ನೋಡಿದವರೆಲ್ಲ ಕೈಯ ಕೆಲಸ ಬಿಟ್ಟು ಹಿಂದೆ ಹೋದರು. ನಾನೂ ಹೋದೆ. ಬೆಲಾರ್ಮಿನೊನ ಮನೆಯ ಹೊರಗೆ ನಿಂತು, ಟೋಪಿ ತೆಗೆದು ಎರಡು ಕೈಯಲ್ಲಿ ಹಿಡಿದುಕೊಂಡ. ಬೇಡುವವರು ಹಿಡಿಯುವ ಹಾಗೆ.

ಬೆಲಾರ್ಮಿನೊ ಹೊರಗೆ ಬಂದ. ಹೊಡೆಯಲು ಬಂದಿದ್ದಾನೆ ಅಂದುಕೊಂಡನೋ ಏನೋ, ತಲೆ ತಗ್ಗಿಸಿ ನಿಂತ.

“ಬೆಲಾರ್ಮಿನೊ,” ಅಂದ ರೊಸೆಂದೊ. ಒಂಬತ್ತು ವರ್ಷದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದದ್ದು. “ನನ್ನ ಎತ್ತಿಗೆ ಕೆಲಸ ಇಲ್ಲ, ನಿನ್ನ ಮನೆ ಕೊಡು. ದೇವರ ಹೆಸರಲ್ಲಿ ಇಲ್ಲ ಅನ್ಬೇಡ.”

ಅಯ್ಯೋ ನನ್ನಪ್ಪಾ! ಮಗನನ್ನು ಕಳಕೊಂಡವನು, ಕಳೆದವನ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ. ಯಾರು ಯಾರ ಬಾಗಿಲು ಬೇಡಬೇಕಿತ್ತು, ಯಾರು ಬೇಡುತ್ತಿದ್ದರು! ಸುನಿಲ್ದಾ ಅಳುತ್ತಲೇ ಒಳಗೆ ಓಡಿ, ಲೋಟದಲ್ಲಿ ಚಿಚಾ ತಂದು ಗಂಡನ ಕೈಗಿಟ್ಟಳು. ಅವನು ಅದನ್ನು ಚಾಚುವಷ್ಟರಲ್ಲಿ ಅರ್ಧ ಚೆಲ್ಲಿತು. ಉಳಿದರ್ಧವನ್ನು ರೊಸೆಂದೊ ನಿಂತಲ್ಲೇ ಕುಡಿದ.

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಗುರುವಾರ ಇಪ್ಪತ್ತು ಜೋಡಿ ಎತ್ತು, ದ್ವೀಪದ ಅಷ್ಟೂ ಗಂಡಸರು, ಅರ್ಧಕ್ಕರ್ಧ ಹೆಂಗಸರು ಸೇರಿದೆವು. ಮುಂದಿನ ನೊಗದ ಹತ್ತಿರ ರೊಸೆಂದೊ ಕೂಗು ಹಾಕಿದ. ಮನೆ ಒಮ್ಮೆ ನರಳಿ ಕದಲಿತು, ದಿಮ್ಮಿಗಳ ಮೇಲೆ ತೂಗಾಡುತ್ತ ದಂಡೆಗೆ ಇಳಿಯಿತು. ಮನೆಯ ಕೆಳಗೆ ಖಾಲಿ ಪೀಪಾಯಿ ಕಟ್ಟಿದರು. ಹೊಸ ಜಾಗ ಕೊಲ್ಲಿಯ ಆಚೆ ದಡದಲ್ಲಿ. ಉಬ್ಬರ ಏರಿದಾಗ ಮನೆ ತೇಲಬೇಕು, ಎರಡು ಮೋಟಾರು ದೋಣಿ ಎಳೆಯಬೇಕು. ನೀರು ನುಗ್ಗಿದರೆ ಮೊಗೆಯಲು ಮನೆಯೊಳಗೆ ಇಬ್ಬರು ಇರಬೇಕು. ಒಬ್ಬ ಮನೆಯವನು. ಇನ್ನೊಬ್ಬ ಯಾರು ಅಂತ ಮಾತು ಏಳುವ ಮೊದಲೇ ರೊಸೆಂದೊ ಬಕೆಟ್ಟು ಹಿಡಿದು ಒಳಗೆ ಹೋಗಿಬಿಟ್ಟ.

ನಾನು ಅಡುಗೆ ಪಾತ್ರೆಗಳ ಜೊತೆ ಹಿಂದಿನ ದೋಣಿಯಲ್ಲಿದ್ದೆ. ಎಷ್ಟೋ ಮಿಂಗಾ ನೋಡಿದ್ದೇನೆ, ಆದರೂ ಮನೆ ನೀರಿನ ಮೇಲೆ ಏಳುವುದನ್ನು ನೋಡಿದಾಗಲೆಲ್ಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇನೆ. ಕಿಟಕಿಯಲ್ಲಿ ಎರಡು ತಲೆ ಬಗ್ಗುತ್ತ ಏಳುತ್ತ ಕಾಣುತ್ತಿದ್ದವು. ಒಬ್ಬ ಮೊಗೆದು ಕೊಡುತ್ತಿದ್ದ, ಒಬ್ಬ ಸುರಿಯುತ್ತಿದ್ದ.

ಕೊಲ್ಲಿಯ ನಡುವೆ ಬೆಲಾರ್ಮಿನೊ ಕಿಟಕಿಗೆ ಬಂದು ಕೈ ಎತ್ತಿದ. ಎಂಜಿನ್ ನಿಂತವು. ಏನೋ ಒಡೆಯಿತು ಅಂದುಕೊಂಡೆವು.

“ಇಲ್ಲೇ,” ಅಂದ ಬೆಲಾರ್ಮಿನೊ ನೀರಿನತ್ತ ಕೈ ತೋರಿಸಿ. ಸದ್ದೇ ಇರಲಿಲ್ಲ, ಎಲ್ಲರಿಗೂ ಕೇಳಿಸಿತು. “ಕೈ ಹಿಡ್ಕೊಂಡಿದ್ದೆ, ದೋನ್ ರೊಸೆಂದೊ. ಇಲ್ಲಿ ಜಾರ್ತು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.”

ರೊಸೆಂದೊ ಕಿಟಕಿಯಿಂದ ಆ ನೀರಿನತ್ತ ಬಗ್ಗಿದ. ಆಮೇಲೆ ಟೋಪಿ ತೆಗೆದು, ಊರಿನ ಪ್ರತಿ ಗುಂಡಿಯ ಪಕ್ಕ ಹೇಳಿದ್ದ ಕೊನೆಯ ಪ್ರಾರ್ಥನೆಯನ್ನು ತನ್ನ ಮಗನಿಗೆ ಹೇಳಿದ. ಧ್ವನಿ ನಡುಗಿತು, ನಡುಗಲಿ ಅಂತ ಬಿಟ್ಟ. ಹಿಡಿ ಮಣ್ಣು ಹಾಕಬೇಕಲ್ಲ, ನೀರ ಮೇಲೆ ಮಣ್ಣೆಲ್ಲಿ? ಕಿಟಕಿಯಲ್ಲಿ ಸುನಿಲ್ದಾಳ ಹೂಕುಂಡ ಇತ್ತು. ಬೆಲಾರ್ಮಿನೊ ಅದನ್ನು ಎತ್ತಿ ಎರಡು ಕೈಯಲ್ಲಿ ಅವನ ಮುಂದೆ ಹಿಡಿದ. ರೊಸೆಂದೊ ಬೇರಿನ ಸಮೇತ ಒಂದು ಹಿಡಿ ಬಗೆದು ನೀರಿಗೆ ಬಿಟ್ಟ. ನಾನು ಹಾಡು ಎತ್ತಿದೆ. ದೋಣಿಗಳಲ್ಲಿದ್ದವರೆಲ್ಲ ಎದ್ದು ನಿಂತು ಸೇರಿಕೊಂಡರು.

ಸಂಜೆಯ ಹೊತ್ತಿಗೆ ಮನೆ ಆಚೆ ದಡದಲ್ಲಿ ಕಲ್ಲಿನ ಮೇಲೆ ಕೂತಿತ್ತು. ಕುರಿಮಾಂಸ ಸುಡುತ್ತಿದ್ದರು. ರೊಸೆಂದೊ ಒಬ್ಬನೇ ದಿಮ್ಮಿಯ ಮೇಲೆ ಕೂತಿದ್ದ. ತಟ್ಟೆ ಕೊಟ್ಟು ಪಕ್ಕದಲ್ಲಿ ಕೂತೆ.

“ಕೊಂಪಾದ್ರೆ, ಅವನ ತಪ್ಪನ್ನ ಹೊಟ್ಟೆಗೆ ಹಾಕ್ಕೊಂಡ್ಯಾ ಹಂಗಾದ್ರೆ?”

“ಇಲ್ಲ,” ಅಂದ, ರೊಟ್ಟಿ ಮುರಿಯುತ್ತ. “ಇನ್ನೂ ಇಲ್ಲ. ಕ್ಷಮಿಸೋ ಮನಸ್ಸು ಬರಲಿ ಅಂತ ನಾನು ಕಾಯಬಹುದು, ಸಮುದ್ರ ಕಾಯುತ್ತಾ? ಎಳೆಯುವಾಗ ಬಾಗಿಲ ಚೌಕಟ್ಟು ಓರೆಯಾಗಿದೆ, ನಾಳೆ ಸರಿ ಮಾಡಿಕೊಡ್ತೀನಿ. ನಾಡಿದ್ದು ಹೊಗೆ ಕೊಳವೆ. ನಾನು ಹೋಗ್ತಾ ಇರ್ತೀನಿ, ಕೊಮಾದ್ರೆ. ಅದು ಬರೋ ದಿನ ಬರುತ್ತೆ.”

ಮರುದಿನ ಬೆಳಿಗ್ಗೆ ಏಳಕ್ಕೆ ಅವನು ಉಳಿ, ಸುತ್ತಿಗೆ ಹಿಡಿದು, ಕೊಲ್ಲಿ ಸುತ್ತಿ ಹೋಗುವ ದಾರಿಯಲ್ಲಿ ನನ್ನ ಮನೆಯ ಮುಂದೆ ಹಾದುಹೋದ. ನಾನು ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹಿಂದೆಯೇ ಹೊರಟೆ. ಸುನಿಲ್ದಾ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳಿಗೆ ಏನು ಹೇಳಬೇಕು ಅಂತ ನನಗೆ ಇನ್ನೂ ಗೊತ್ತಿರಲಿಲ್ಲ. ರೊಟ್ಟಿ ಕೊಟ್ಟು, “ಒಲೆ ಹಚ್ಚಿದ್ದೀಯೇನೇ?” ಅಂತ ಕೇಳಿ ಒಳಗೆ ಹೋದೆ.