ಅತ್ತೆಯೂ ನನ್ನ ಲೂಪಸ್ಸೂ

ಎಂಬತ್ತರ ದಶಕದ ಆರಂಭ. ಕುಣಿಗಲ್ಲಿನಿಂದ ಗುಬ್ಬಿಗೆ ಮದುವೆಯಾಗಿ ಬಂದ ಮರುವರ್ಷವೇ, ಬೆಳಗಿನ ಹೊತ್ತು ನನ್ನ ಬೆರಳುಗಳು ಮಡಚಲಾಗದಂತೆ ಬಿಗಿದುಕೊಳ್ಳತೊಡಗಿದವು. ಮುದ್ದೆ ತಿರುವಲು ಕೋಲು ಹಿಡಿದರೆ ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಮಹಡಿಯ ಮೇಲೆ ಹಪ್ಪಳ ಒಣಗಿಸಿ ಇಳಿದು ಬಂದರೆ ಮೂಗಿನ ಎರಡೂ ಪಕ್ಕ ಕೆನ್ನೆ ಕೆಂಪಾಗಿ, ಸಂಜೆಗೆ ಜ್ವರ ಬರುತ್ತಿತ್ತು.

"ಈ ಕಾಲದ ಹುಡುಗೀರ್ಗೆ ಮೈ ಬಗ್ಗಲ್ಲ" ಎಂದು ಅತ್ತೆ ಗೊಣಗುತ್ತಿದ್ದರು. ಒಂದು ಬೆಳಿಗ್ಗೆ ಬಾಚಣಿಗೆ ತುಂಬ ಬಂದ ನನ್ನ ಕೂದಲು ಕಂಡು ಬಾಚಣಿಗೆ ನನ್ನ ಕೈಯಿಂದ ತೆಗೆದಿಟ್ಟರು. "ಏಳವ್ವ, ತುಮಕೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡ್ ಬರಾಣ" ಎಂದು ತಾವೇ ಹೊರಟರು.

ತುಮಕೂರಿನ ಡಾಕ್ಟರು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿನ ಡಾಕ್ಟರು ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡಿಸಿ ಲೂಪಸ್ ಎಂದರು. ಜೊತೆಗೆ ಬಂದಿದ್ದ ನನ್ನ ಗಂಡನಿಗೂ ನನಗೂ ಆ ಹೆಸರೇ ಹೊಸದು. ಅತ್ತೆ ನೇರವಾಗಿ ಕೇಳಿದರು: "ಅಂಟೋ ಕಾಯಿಲೆನಾ ಸ್ವಾಮಿ?"

"ಇಲ್ಲಮ್ಮ. ರೋಗದಿಂದ ಕಾಪಾಡ್ಬೇಕಾದ ಶಕ್ತಿ ಇವ್ರ ಮೈಮೇಲೇ ತಿರುಗಿಬಿದ್ದಿದೆ. ಪೂರ್ತಿ ಹೋಗಲ್ಲ, ಆದ್ರೆ ಹತೋಟೀಲಿ ಇಡ್ಬಹುದು. ಬಿಸಿಲಿಗೆ ಬಿಡ್ಬೇಡಿ. ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. ಸುಸ್ತು ಅಂದಾಗ ಮಲಗೋಕ್ ಬಿಡಿ."

"ಅಷ್ಟೇ ತಾನೆ?" ಎಂದರು ಅತ್ತೆ. ನಾನು ಅಲ್ಲೇ ಅತ್ತುಬಿಟ್ಟೆ. ನನ್ನ ನೋವು ನಿಜವೆಂದು ಒಬ್ಬರಾದರೂ ಹೇಳಿದರಲ್ಲ ಎಂಬ ಸಮಾಧಾನಕ್ಕೆ.

ಮರುದಿನದಿಂದ ಮುದ್ದೆ ಕೋಲು ಗಂಡನ ಕೈಗೆ ಹೋಯಿತು. ಮೊದಮೊದಲು ಬರೀ ಗಂಟು. ಅತ್ತೆ ಪಕ್ಕದಲ್ಲಿ ನಿಂತು, "ಇನ್ನೊಂಚೂರ್ ಒತ್ತಿ ತಿರುವ್ಲಾ" ಅನ್ನುತ್ತಿದ್ದರು. ಹಪ್ಪಳ ಒಣಗಿಸಲು ಅವರೇ ಮಹಡಿ ಹತ್ತುತ್ತಿದ್ದರು.

ಮಾತ್ರೆಯಿಂದ ನೋವು ಇಳಿಯಿತು, ಮುಖ ಊದಿತು. ಎದುರು ಮನೆಯಾಕೆ ನಗುತ್ತ, "ಸೊಸೆ ಮುಖ ತುಂಬ್ಕೊಂಡದೆ, ಏನಾರ ವಿಶೇಷನಾ?" ಎಂದಾಗ ಒಳಗೆ ಓಡಿಹೋಗಬೇಕೆನಿಸಿತು.

"ಅದು ಮಾತ್ರೆ ಊತ ಕಣೇ" ಎಂದರು ಅತ್ತೆ. "ಇವತ್ತು ತನ್ ಕೈಯಾರೆ ಜಡೆ ಹೆಣ್ಕೊಂಡವ್ಳೆ. ಅದೇ ವಿಶೇಷ."

ಎಲ್ಲ ದಿನಗಳೂ ಹಾಗಿರಲಿಲ್ಲ. ಕೆಲವು ವಾರ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಆಗ ಮನೆಯಲ್ಲಿ ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಗಂಡ ಗಂಜಿ ತಂದಿಟ್ಟು, ಕಿಟಕಿಯ ಪರದೆ ಎಳೆದು ಹೋಗುತ್ತಿದ್ದರು. ನಿಧಾನಕ್ಕೆ ಮಾತ್ರೆ ಕಡಿಮೆಯಾಯಿತು, ಮುಖದ ಊತವೂ ಇಳಿಯಿತು. ಸಂಜೆ ಹೊತ್ತು ಬೀದಿಯ ಹುಡುಗಿಯರಿಗೆ ಹೊಲಿಗೆ ಹೇಳಿಕೊಡತೊಡಗಿದೆ.

ತುಮಕೂರಿಗೆ ತಪಾಸಣೆಗೆ ಹೋದ ಒಂದು ದಿನ ಡಾಕ್ಟರು, "ರಿಪೋರ್ಟೆಲ್ಲ ಚೆನ್ನಾಗಿದೆ" ಎಂದರು. ಅಲ್ಲಿಯವರೆಗೆ ಹೋಟೆಲಿನಲ್ಲಿ ನೀರೂ ಕುಡಿಯದಿದ್ದ ಅತ್ತೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು, "ಬಾರವ್ವ, ಮಸಾಲೆ ದೋಸೆ ತಿನ್ನಾಣ" ಎಂದರು. ಇಬ್ಬರೂ ಫ್ಯಾನಿನ ಕೆಳಗೆ ಕೂತು ತಿಂದೆವು. ಅತ್ತೆ ಇನ್ನೊಂದು ತರಿಸಿದರು.