ಹೊಳೆ ಏರದ ಪ್ಲಾಟು

ಐನಾಪುರದ ಅಂಚಿನಲ್ಲಿ ನಾವು ಎರಡು ಪ್ಲಾಟು ನೋಡಿದ್ದೆವು. ನಡುವೆ ಒಂದು ಡಾಂಬರು ರಸ್ತೆ, ಅಷ್ಟೇ. ಕೆಳಗಿನ ಬಡಾವಣೆಯಲ್ಲಿ ನಮ್ಮವರದೇ ನಾಲ್ಕಾರು ಮನೆ, ಪುಟ್ಟದೊಂದು ಬುದ್ಧವಿಹಾರ. ಆದರೆ ಅಲ್ಲಿಯ ಗೋಡೆಗಳ ಮೇಲೆ ಹೊಳೆ ಬಂದು ಹೋದ ಕೆಸರಿನ ಗೆರೆ ಇನ್ನೂ ಮಾಸಿರಲಿಲ್ಲ. ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಗೆರೆ ಅವಳ ನೆತ್ತಿಗಿಂತ ಒಂದು ಗೇಣು ಮೇಲಿತ್ತು.

ಮೇಲಿನ ಬಡಾವಣೆ ದಿಬ್ಬದ ಮೇಲಿದೆ, ಹೊಳೆ ಅಲ್ಲಿಗೆ ಏರಿದ್ದೇ ಇಲ್ಲ. ನಾನು ಸರಕಾರಿ ದವಾಖಾನೆಯ ನರ್ಸ್, ನನ್ನ ಗಂಡ ಶಾಲೆಯ ಮಾಸ್ತರು. ಇಬ್ಬರೂ ಸಂಬಳದವರು, ಇನ್ನು ಯಾರ ಅಪ್ಪಣೆ ಬೇಕು ಎಂದುಕೊಂಡು ಹೋದೆವು. ಜಾಗ ತೋರಿಸುವ ದಲ್ಲಾಳಿ ಅಳತೆ ಹೇಳುವುದಕ್ಕೂ ಮೊದಲು ಕೇಳಿದ:

"ಅಡ್ಡಹೆಸರು ಏನಂದ್ರಿ ಸರ್?"

ನಮ್ಮ ಕಡೆ ಅಡ್ಡಹೆಸರು ಹೇಳಿದರೆ ಜಾತಿ ಹೇಳಿದಂತೆಯೇ. ಇವರು ಕೇಳಿಸದವರ ಹಾಗೆ, "ನಾವು ಅಲಖನೂರ ಕಡೆಯವರ್ರಿ" ಎಂದು ಜಾರಿಕೊಂಡರು.

"ಛಲೋ ಆತ್ರಿ. ಇಲ್ಲಿ ಎಲ್ಲಾ ನಮ್ಮ ನಮ್ಮ ಮಂದೀನ ಅದಾರ," ಎಂದು ಅವನು ನಕ್ಕ.

ಅಷ್ಟರಲ್ಲಿ ಅವ್ವನ ಫೋನು ಬಂತು. ನಮ್ಮ ಮನೆಯಲ್ಲಿ ಹಲೋ ಎನ್ನುವ ರೂಢಿಯಿಲ್ಲ, ಮೊದಲ ಮಾತು 'ಜೈ ಭೀಮ್'. ನಾನು ದಲ್ಲಾಳಿಗೆ ಬೆನ್ನು ಮಾಡಿ, ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟಿದೆ.

"ಯಾಕವಾ, ದನಿ ಯಾಕ ಸಣ್ಣದಾತು? ಯಾರರ ತೀರಿಕೊಂಡ್ರೇನ?"

"ಇಲ್ಲ ಬೇ, ಪ್ಲಾಟ್ ನೋಡಾಕತ್ತೇವಿ."

ಅವ್ವ ಕಂಡವರ ಹೊಲದಲ್ಲಿ ಕಬ್ಬು ಕಡಿದು ನನ್ನನ್ನು ಓದಿಸಿದವಳು. ಅವಳಿಗೆ ಬಿಡಿಸಿ ಹೇಳಬೇಕೇ? "ಹೂಂ, ನೋಡ್ರಿ" ಎಂದು ಫೋನು ಇಟ್ಟುಬಿಟ್ಟಳು. ನಾಚಿಕೆಯಿಂದ ನನ್ನ ಕಿವಿ ಸುಟ್ಟಿತು.

ರಾತ್ರಿ ಊಟದ ಹೊತ್ತಿಗೆ ಇವರು, "ಹೊಳಿ ಬರೂಮುಂದ ಡಂಗುರ ಹೊಡಸ್ತಾರ. ಮಂದಿ ಮೈಮ್ಯಾಲೆ ಬರೂಮುಂದ ಯಾರು ಹೊಡಸ್ತಾರ? ಕೆಳಗಿನ ಪ್ಲಾಟ ತಗೊಳ್ಳೂಣು" ಎಂದರು. ಮಾತು ಸುಳ್ಳಲ್ಲ. ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಮಗಳ ನೆತ್ತಿಯ ಮೇಲಿನ ಆ ಗೇಣು ಗೋಡೆ. ಹಟ ಹಿಡಿದು ಮೇಲಿನದನ್ನೇ ಕೊಳ್ಳುವಂತೆ ಮಾಡಿದೆ. ನೋಂದಣಿಯ ದಿನ ಆಧಾರ್ ಕಾರ್ಡಿನಲ್ಲಿ ಅಡ್ಡಹೆಸರು ನೋಡಿ ದಲ್ಲಾಳಿಯ ಮುಖ ಬಾಡಿತು. ಮುಂಗಡ ಆಗಲೇ ಅವನ ಕೈ ಸೇರಿತ್ತು.

ಮನೆ ಕಟ್ಟಿಸಿ ಬಂದು ವರ್ಷವಾಯಿತು. ಇಲ್ಲಿ ಯಾರೂ ಏನೂ ಅಂದಿಲ್ಲ, ನಮ್ಮ ಅಡ್ಡಹೆಸರನ್ನೂ ಕೇಳಿಲ್ಲ. ಗೊತ್ತಿದ್ದು ಸುಮ್ಮನಿದ್ದಾರೋ, ಇನ್ನೂ ಗೊತ್ತೇ ಇಲ್ಲವೋ ಎಂಬ ಭಯ ನನಗೆ. ಗೇಟಿಗೆ ಹೆಸರಿನ ಫಲಕ ಹಾಕಿಸಿಲ್ಲ. ಅವ್ವನ ಫೋನು ಬಂದರೆ ಬಚ್ಚಲಿಗೆ ಹೋಗಿ ನಳ ಬಿಟ್ಟು ಮಾತಾಡುತ್ತೇನೆ.

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಫೋನು ಬಂತು. ಏನು ಸಿಟ್ಟು ಬಂತೋ, ಅಲ್ಲೇ ನಿಂತು ಗಟ್ಟಿಯಾಗಿ, "ಜೈ ಭೀಮ್, ಅವ್ವಾ" ಎಂದೆ. ಅವ್ವ ಹಿಗ್ಗಿ ಮಾತಿಗೆ ಶುರುವಿಟ್ಟಳು. ಗೋಡೆಯಾಚೆ ಪಕ್ಕದ ಮನೆಯವರು ಅಂಗಳ ಗುಡಿಸುತ್ತಿದ್ದರು. ಕಸಬರಿಗೆಯ ಸದ್ದು ನಿಂತುಹೋಯಿತು. ಅವ್ವ ಹೇಳಿದ್ದೊಂದೂ ನನ್ನ ತಲೆಗೆ ಹೋಗಲಿಲ್ಲ. ಒದ್ದೆ ಬಟ್ಟೆ ಹಿಡಿದುಕೊಂಡು, ಆ ಸದ್ದು ಮತ್ತೆ ಶುರುವಾಗಲಿ ಎಂದು ಕಾಯುತ್ತ ನಿಂತಿದ್ದೆ.