ಆಕಾಶದಲ್ಲಿ ‘ಊಂ’ ನಡೆಯುವುದಿಲ್ಲ

ಪೂರ್ವಿ, ಚಿರಂತ್, ಹೋದ ಭಾನುವಾರ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತಲ್ಲ, ಆ ಮಾತೇ ಈ ವಾರ.

“ಹಾಲು ಉಕ್ಕುವ ಮೊದಲು ಗ್ಯಾಸ್ ಆರಿಸು” ಎಂದಿದ್ದೆ. ಚಿರಂತ್ ಮೊಬೈಲ್‌ನಿಂದ ತಲೆ ಎತ್ತದೆ “ಊಂ” ಎಂದ. ಹಾಲು ಉಕ್ಕಿತು. ನಿಮ್ಮಮ್ಮ ಬೈಯಲಿಲ್ಲ. “ಅಜ್ಜಿ ಏನ್ ಹೇಳಿದ್ರು? ತಿರುಗಿ ಹೇಳು” ಎಂದಳು, ಅಷ್ಟೆ. ನೀವಿಬ್ಬರೂ ನಕ್ಕಿರಿ. ಆ ಮಾತು ಎಲ್ಲಿಂದ ಬಂತು ಎಂದು ನಿಮಗೆ ಗೊತ್ತಿಲ್ಲ. (ವಾರವಾರ ಈ ಅಂಕಣ ಓದುವವರಿಗೂ ಗೊತ್ತಿಲ್ಲ. ಮಗಳನ್ನು ಹೊಗಳಿ ಬರೆಯಲು ಇಷ್ಟು ದಿನ ನಾಚಿಕೆಯಾಗುತ್ತಿತ್ತು.)

ತೊಂಬತ್ತರ ದಶಕ. ನಾವಿದ್ದದ್ದು ಕಿರಂಗೂರಿನಲ್ಲಿ. ನಿಮ್ಮ ತಾತ ಆಗಲೇ ತೀರಿಕೊಂಡಿದ್ದರು. ಭಾಗ್ಯ, ಅಂದರೆ ನಿಮ್ಮಮ್ಮ, ಹೆಲಿಕಾಪ್ಟರ್ ಪೈಲಟ್ ಆಗುತ್ತೇನೆ ಎಂದಾಗ ಊರೇ ನಕ್ಕಿತು. ನಮ್ಮ ಕಡೆ ಹೆಲಿಕಾಪ್ಟರ್ ಬರುತ್ತಿದ್ದದ್ದೇ ಎಲೆಕ್ಷನ್ ಬಂದಾಗ. ಇಳಿದವರಿಗೆ ಹಾರ ಹಾಕುತ್ತಿದ್ದರು. ಓಡಿಸಿದವರ ಮುಖ ಯಾರು ನೋಡಿದ್ದರು?

ಕಾಲುವೆ ಪಕ್ಕದ ಗದ್ದೆ ಮಾರಿ ಅಮೆರಿಕಕ್ಕೆ ಕಳಿಸಿದೆ. ಕಲಿತಳು. ಒಬ್ಬಳೇ ಹಾರಿಸಿದಳು. ಅಲ್ಲಿನ ಲೈಸೆನ್ಸ್ ಹಿಡಿದು ಬಂದಳು.

ಆದರೆ ಅಲ್ಲಿನ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ! ಇಲ್ಲಿನ ಪರೀಕ್ಷೆಗಳನ್ನು ಪಾಸು ಮಾಡಿ ಇಲ್ಲಿನದಾಗಿ ಬದಲಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಕಲಿತದ್ದು ಬರೀ ಹೇಳಿಕೊಳ್ಳುವುದಕ್ಕೆ. ಒಂದು ಕಂಪನಿ ಕೆಲಸ ಇಟ್ಟುಕೊಂಡು ಕಾಯುತ್ತಿತ್ತು. ಎಷ್ಟು ದಿನ ಕಾದೀತು?

ಉಳಿದದ್ದೆಲ್ಲ ಪಾಸಾದಳು. ರೇಡಿಯೋದಲ್ಲಿ ಮಾತಾಡುವ ಪರೀಕ್ಷೆ ಫೇಲ್.

ಅಮೆರಿಕದಲ್ಲಿ ದಿನವೂ ರೇಡಿಯೋದಲ್ಲಿ ಮಾತಾಡಿದವಳು! ಕಾರಣ ಹೇಳಿದರೆ ನಂಬುತ್ತೀರಾ? ನೆಲದ ಮೇಲಿನ ಟವರಿನವರು “ಇಷ್ಟು ಎತ್ತರದಲ್ಲಿ ಬಾ, ಈ ಕಡೆ ತಿರುಗು” ಎಂದರೆ ಪೈಲಟ್ ಅದನ್ನು ಹಾಗೆಯೇ ತಿರುಗಿ ಹೇಳಬೇಕು. ಸರಿಯಾಗಿ ಕೇಳಿಸಿತು ಎನ್ನುವುದಕ್ಕೆ ಅದೇ ಸಾಕ್ಷಿ. ನಮ್ಮ ಮನೆಯಲ್ಲೋ? ಹಿರಿಯರ ಮಾತನ್ನು ಅವರಿಗೇ ತಿರುಗಿ ಹೇಳಿದರೆ ಅಣಕಿಸಿದ ಹಾಗೆ. ಹೆಣ್ಣುಮಕ್ಕಳು ತಲೆ ತಗ್ಗಿಸಿ “ಊಂ” ಎನ್ನಬೇಕು. ಅಮೆರಿಕದ ಟವರಿನವರ ಮುಖ ಅವಳಿಗೆ ಕಾಣುತ್ತಿರಲಿಲ್ಲ. ದೆಹಲಿಯಲ್ಲಿ ಪರೀಕ್ಷೆಗೆ ಎದುರು ಕೂತವರು ನರೆತ ಮೀಸೆಯ ಹಿರಿಯರು. ಅವರು ಹೇಳಿದ್ದಕ್ಕೆಲ್ಲ ನಿಮ್ಮಮ್ಮ ತಲೆ ತಗ್ಗಿಸಿ “ಯೆಸ್ ಸರ್” ಎಂದು ಬಂದಿದ್ದಳು.

“ಥೇಟ್ ದೊಡ್ಡಪ್ಪನಂಗೇ ಅವ್ರೆ ಕಣವ್ವ. ಬಾಯೇ ಬರ್ನಿಲ್ಲ” ಎಂದು ಅತ್ತಳು.

ದೊಡ್ಡಪ್ಪ ಎಂದರೆ ನನ್ನ ಭಾವ, ಮನೆಯ ಯಜಮಾನರು. ಅವರು ಜಗುಲಿಯ ಮೇಲೆ ಕೂತರೆ ಸೈಕಲ್ಲಿನವರು ಇಳಿದು ತಳ್ಳಿಕೊಂಡು ಹೋಗುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ನಾನು ಅವರೆದುರು ನಿಂತು ಮಾತಾಡಿದವಳೇ ಅಲ್ಲ. ಏನಿದ್ದರೂ ಬಾಗಿಲ ಹಿಂದಿನಿಂದ, ಓರಗಿತ್ತಿಯ ಮೂಲಕ.

ಅವತ್ತು ಹೊಸ್ತಿಲು ದಾಟಿದೆ. ಅವರೆದುರು ಹೋಗಿ ನಿಂತೆ.

“ಭಾವ, ಭಾಗ್ಯಂಗೆ ನೀವೇ ಟವರ್ ಆಗ್ಬೇಕು.”

“ನಾ ಏನಾಗ್ಬೇಕು?”

ಬಿಡಿಸಿ ಹೇಳಿದೆ. ಎಲೆಅಡಿಕೆ ಉಗಿದು ಬಂದು ಕೂತರು. “ಅಲ್ಲ ಕಣವ್ವ, ಅಮೇರಿಕದಲ್ಲಿ ಏಲಿಕ್ಯಾಪ್ಟ್ರು ಓಡ್ಸಿ ಬಂದೋಳ್ಗೆ ನಾ ಏನ್ ಏಳ್ಕೊಡ್ಲಿ? ನಂಗೆ ಬಸ್ ಅತ್ತುದ್ರೇ ತಲೆ ಸುತ್ತದೆ.”

“ನೀವು ದಾರಿ ಏಳಿ ಸಾಕು. ಅದ್ನೇ ಅವ್ಳು ನಿಮ್ಗೆ ತಿರ್ಗಿ ಏಳ್ಬೇಕು.”

“ನನ್ ಮಾತ್ನ ನಂಗೇ ತಿರ್ಗಿ ಏಳದಾ?” ಮೀಸೆ ಕುಣಿಯಿತು. ಕಥೆ ಮುಗಿಯಿತು ಎಂದುಕೊಂಡೆ.

“ಕರಿ ಅವ್ಳ.”

ಶುರುವಾಯಿತು. “ಪಾಂಡವಪುರದ ಮ್ಯಾಲೆ ಎರಡ್ ಸಾವ್ರ ಅಡಿ. ಬೂಕನಕೆರೆ ತಾವ ಬಲಕ್ ತಿರ್ಗು. ನಾಗಮಂಗಲದಲ್ಲಿ ಇಳ್ಕೊ.”

ನಿಮ್ಮಮ್ಮ ನೆಲ ನೋಡುತ್ತಾ, “ಊಂ ದೊಡ್ಡಪ್ಪ.”

“ಊಂ ಅಂದ್ರೆ ಎಲ್ಲಿ ಇಳುಸ್ತೀಯೆ? ನನ್ ತಲೆ ಮ್ಯಾಲಾ? ಮಖ ಎತ್ತಿ ಏಳು!”

ದಿನಾ ಸಂಜೆ ಇದೇ. ಡೇರಿಗೆ ಹಾಲು ಹಾಕಿ ಬರುವವರು ಕ್ಯಾನ್ ಹಿಡಿದೇ ನಿಲ್ಲುತ್ತಿದ್ದರು. “ಏನ್ ಗೌಡ್ರೇ, ಏಲಿಕ್ಯಾಪ್ಟ್ರು ಎಲ್ಲಿಗಂಟ ಬಂತು?” ಎಂದು ಒಬ್ಬ ಕಿಚಾಯಿಸಿದ. “ಕೆ.ಆರ್. ಪೇಟೆ ದಾಟ್ತು. ಅಡ್ಡ ನಿಂತ್ಕಬ್ಯಾಡ, ಸರ್ಕೊಳ್ಲಾ” ಎಂದರು ಭಾವ. ನಿಮ್ಮಮ್ಮ ಮೊದಲ ಸಲ ಅವರೆದುರು ನಕ್ಕಳು. ಮುಖ ಮೇಲೆದ್ದಿತು. ಆಮೇಲೆ ದನಿಯೂ.

ಮತ್ತೆ ಪರೀಕ್ಷೆಗೆ ಹೋದಳು. ಪಕ್ಕದ ಮನೆಗೆ ದೆಹಲಿಯಿಂದ ಫೋನ್ ಬಂತು. ರಿಸೀವರ್ ಹಿಡಿದವರು ಭಾವ. ಆ ಕಡೆ ಅವಳು ಏನು ಹೇಳುತ್ತಿದ್ದಳೋ ನಮಗೆ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಯಾರ ಮಾತನ್ನೂ ತಿರುಗಿ ಹೇಳಿ ಗೊತ್ತಿಲ್ಲದ ಆ ಮನುಷ್ಯ, ಬೀದಿಗೆಲ್ಲ ಕೇಳುವ ಹಾಗೆ ಬಿಡಿಬಿಡಿಯಾಗಿ ಹೇಳಿದರು:

“ರೇಡಿಯೋ ಪಾಸು. ಲೈಸೆನ್ಸು ಕೊಡ್ತಾರೆ. ರೈಲ್ ಅತ್ತಿ ಬತ್ತಾ ಇವ್ನಿ.”

ರಿಸೀವರ್ ಕೈಯಲ್ಲೇ ಇತ್ತು. ನನ್ನತ್ತ ತಿರುಗಿದರು. “ಕೇಳುಸ್ತೇನವ್ವ?”

ನಾನು ಊಂ ಎನ್ನಲಿಲ್ಲ. “ರೇಡಿಯೋ ಪಾಸು, ಲೈಸೆನ್ಸು ಕೊಡ್ತಾರೆ” ಎಂದೆ. ಅವರೆದುರೇ, ಮುಖ ಎತ್ತಿ, ಜೋರಾಗಿ.

ಮಗಳು ಎಷ್ಟು ಎತ್ತರ ಹಾರಿದಳು ಎಂದು ಜನ ಇಂದಿಗೂ ಕೇಳುತ್ತಾರೆ. ಹೆಮ್ಮೆ ಇದೆ, ಯಾಕಿರಬಾರದು? ಆದರೆ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಜಗುಲಿ. ಈಗ ಯಾರಿಗೂ ಯಾರ ಭಯವೂ ಇಲ್ಲ. ಆದರೂ ದಿನಕ್ಕೆಷ್ಟು ಸಲ “ಊಂ” ಎನ್ನುತ್ತೇವೆ, ಅದರಲ್ಲಿ ಎಷ್ಟು ಮಾತು ಕಿವಿಗೆ ಬಿದ್ದಿರುತ್ತದೆ?

ಮಕ್ಕಳೇ, ಈ ಅಂಕಣದ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ.

ಎಲ್ಲಿ, ಅಜ್ಜಿ ಏನು ಹೇಳಿದಳು? ತಿರುಗಿ ಹೇಳಿ.